ಪಾಠ ಟಿಪ್ಪಣಿಯೊಳಗಿನ ಹೆಣ್ಣು, ಗಂಡು

ಕರ್ನಾಟಕದಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿಯು ಎಂಬತ್ತರ ದಶಕದಲ್ಲಿ ಟಿ.ಸಿ.ಎಚ್. ಎನಿಸಿಕೊಂಡಿದ್ದು, ಮುಂದೆ ಡಿ.ಎಡ್. ಆಗಿ, ಈಗ ಡಿ.ಎಲ್.ಎಡ್. ಆಗಿದೆ. ಹೆಸರು ಬದಲಾದಷ್ಟು ಸಲೀಸಾಗಿ ಒಳಗಿನ ರೂಢಿ ಬದಲಾಗಲಿಲ್ಲವೆಂಬುದನ್ನು ಆ ಸಂಸ್ಥೆಗಳನ್ನು ಹತ್ತಿರದಿಂದ ಕಂಡವರು ಬಲ್ಲರು. ಸೆರಗಿಗೆ ಪಿನ್ನು ಹಾಕಿಕೊಂಡ ಪ್ರಶಿಕ್ಷಣಾರ್ಥಿನಿಯರಿಗೆ, ಅಂದರೆ ಶಿಕ್ಷಕಿಯರಾಗಲು ಕಲಿಯುತ್ತಿದ್ದ ಹೆಣ್ಣುಮಕ್ಕಳಿಗೆ, ರಂಗೋಲಿ, ಪ್ರಾರ್ಥನೆ, ಅತಿಥಿಗಳಿಗೆ ಆರತಿ. ಗಂಡುಮಕ್ಕಳಿಗೆ ಬೆಂಚು ಹೊರುವುದು, ಕವಾಯತು, ವೇದಿಕೆಯ ಮೇಲಿನ ಮಾತು. ಈ ಹಂಚಿಕೆಯನ್ನು ಯಾರೂ ನಿಯಮವೆಂದು ಬರೆದಿರಲಿಲ್ಲವಾದ್ದರಿಂದ ಅದನ್ನು ಪ್ರಶ್ನಿಸಲು ಹಿಡಿಯೇ ಸಿಗುತ್ತಿರಲಿಲ್ಲ.

ಆ ಕಾಲದ ಮೌಲ್ಯಗಳು ನಿಚ್ಚಳವಾಗಿ ಕಾಣುತ್ತಿದ್ದುದು ಪಾಠ ಟಿಪ್ಪಣಿಯಲ್ಲಿ, ಅಂದರೆ ಅಭ್ಯಾಸ ಬೋಧನೆಗೆ ಹೋಗುವ ಮುನ್ನ ಉದ್ದೇಶ, ಚಟುವಟಿಕೆ, ಪ್ರಶ್ನೆಗಳನ್ನು ಕೋಷ್ಟಕ ಹಾಕಿ ಬರೆದು ಮಾರ್ಗದರ್ಶಕರ ಸಹಿ ಪಡೆಯಬೇಕಾದ ಬರಹದಲ್ಲಿ. ‘ನಮ್ಮ ಸಹಾಯಕರು’ ಎಂಬ ವಿಷಯಕ್ಕೆ ರಾತ್ರಿಯೆಲ್ಲ ಕೂತು ಡ್ರಾಯಿಂಗ್ ಶೀಟಿನ ಮೇಲೆ ಸ್ಕೆಚ್ ಪೆನ್ನಿನಿಂದ ಬಿಡಿಸಿದ ಚಿತ್ರಪಟಗಳಲ್ಲಿ ರೈತ, ಬಡಗಿ, ಅಂಚೆಯವ, ವೈದ್ಯ ಎಲ್ಲರೂ ಗಂಡಸರಾಗಿರುತ್ತಿದ್ದರು, ದಾದಿಯೊಬ್ಬಳೇ ಹೆಣ್ಣು. ಹೊಲದಲ್ಲಿ ನಾಟಿ, ಕಳೆ, ಕೊಯ್ಲು ಮಾಡಿ ಬೆಳೆದ ಮನೆಗಳಿಂದ ಬಂದ ಹುಡುಗಿಯರೂ ರೈತನ ತಲೆಗೆ ರುಮಾಲನ್ನೇ ಬರೆಯುತ್ತಿದ್ದರು. ತಾಯಿಯ ದುಡಿಮೆಯನ್ನು ಮಗಳ ಕೈಯೇ ಅಳಿಸುತ್ತಿದ್ದುದು ಆ ತರಬೇತಿಯ ದೊಡ್ಡ ನಷ್ಟ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಹಿಳಾ ಸಮಾನತೆಯನ್ನು ಶಿಕ್ಷಕರ ತರಬೇತಿಗೂ ಜೋಡಿಸಿತು. ಅದರ ಬೆನ್ನಿಗೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ಡಯಟ್‌ಗಳು, ಬಂದವು. ಬಿ.ಎಡ್. ಎರಡು ವರ್ಷಗಳದ್ದಾದ 2015ರ ಹೊತ್ತಿಗೆ ಲಿಂಗತ್ವ, ಶಾಲೆ ಮತ್ತು ಸಮಾಜ ಎಂಬುದು ಕಲಿಕೆಯ ವಿಷಯವೇ ಆಯಿತು. ಲಿಂಗತ್ವವೆಂದರೆ ಹುಟ್ಟಿನಿಂದ ಬಂದ ದೇಹಭೇದವಲ್ಲ, ಹೆಣ್ಣು ಹೀಗೆ, ಗಂಡು ಹೀಗೆ ಎಂದು ಸಮಾಜ ಕಟ್ಟಿಕೊಟ್ಟ ಪಾತ್ರ. ಪರೀಕ್ಷೆಯಲ್ಲಿ ಈ ವ್ಯಾಖ್ಯೆಯನ್ನು ಚೆನ್ನಾಗಿ ಬರೆದವರೇ ಮರುದಿನ ಕಸಬರಿಕೆಯನ್ನು ಹುಡುಗಿಯ ಕೈಗೆ ಕೊಟ್ಟದ್ದೂ ಉಂಟು. ಓದಿದ್ದು ಕೈಗೆ ಇಳಿಯಲು ಅಭ್ಯಾಸ ಬೋಧನೆಯ ತರಗತಿಯೇ ಬೇಕಾಯಿತು.

ಅಂಥದೊಂದು ಮೂರನೆಯ ತರಗತಿಯಲ್ಲಿ, ಪ್ರಶಿಕ್ಷಣಾರ್ಥಿ ಯುವಕನೊಬ್ಬ, ತಂದೆ ಈಳಿಗೆಮಣೆಯ ಮುಂದೆ ಕೂತು ಸೊಪ್ಪು ಹೆಚ್ಚುವ ಚಿತ್ರವನ್ನು ಗೋಡೆಗೆ ತೂಗುಹಾಕಿದಾಗ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಆತ ಗದರಿಸದೆ, ನಗು ಇಳಿಯುವವರೆಗೆ ಸುಮ್ಮನೆ ನಿಂತು, ಯಾರ ಮನೆಯಲ್ಲಿ ಅಪ್ಪ ಅಡುಗೆಗೆ ಕೈಹಚ್ಚುತ್ತಾರೆಂದು ಕೇಳಿದ. ಹಿಂದಿನ ಸಾಲಿನಿಂದ ಮೊದಲು ಒಂದು ಕೈ, ಆಮೇಲೆ ಅಳುಕುತ್ತ ಇನ್ನೆರಡು ಕೈಗಳು ಮೇಲೆದ್ದವು.