ಮೂರನೆಯ ವಯರ್

ಹೊಲಿಗೆ ಯಂತ್ರಕ್ಕೆ ಮೋಟಾರು ಕೂಡಿಸಿದ ಮೇಲೆ ನನ್ನ ಕಾಲುನೋವು ಕಡಿಮೆಯಾಯಿತು, ಮನೆಯಲ್ಲಿ ಹೊಸ ತಲೆನೋವು ಶುರುವಾಯಿತು. ನಾನು ಹೊಲಿಯುವ ಹಿಂದಿನ ಕೋಣೆಯಲ್ಲಿ ಒಂದೂ ಪ್ಲಗ್ ಇಲ್ಲ. ಮಾವ ಮನೆ ಕಟ್ಟಿಸಿದ ಕಾಲಕ್ಕೆ ಕೋಣೆಗೊಂದು ಲೈಟ್, ಒಂದು ಫ್ಯಾನ್ ಇದ್ದರೆ ಧಾರಾಳವಾಯಿತು. ಹಾಲ್‌ನಿಂದ ಎಳೆದ ವಯರ್ ಹೊಸ್ತಿಲು ದಾಟಿ ಬರುತ್ತಿತ್ತು. ಅಂಬೆಗಾಲಿಡುವ ಮೊಮ್ಮಗಳಿಗೆ ಅದೇ ಆಟದ ಹಗ್ಗ.

ಮೇಲಿನ ಲೈಟ್ ತೆಗೆಸಿ ಆ ಜಾಗದಲ್ಲಿ ಪ್ಲಗ್ ಹಾಕಿಸಿದರೆ ಹೇಗೆ ಎಂದು ಯೋಚಿಸಿದೆ. ವಯರ್ ಮೇಲಿನಿಂದ ಇಳಿಯುತ್ತದೆ, ಮಗುವಿನ ಕೈಗೆ ಸಿಗುವುದಿಲ್ಲ. "ಹತ್ತು ನಿಮಿಷದ ಕೆಲಸ" ಎಂದರು ನಮ್ಮವರು. ಬಲ್ಬ್ ಕಳಚಿ ಹೋಲ್ಡರ್‌ಗೇ ಅಡಾಪ್ಟರ್ ಸಿಕ್ಕಿಸಿ ಇಸ್ತ್ರಿ ಹಾಕಿದವರು ನಮ್ಮ ತಾಯಂದಿರಲ್ಲವೇ?

ಎಲೆಕ್ಟ್ರಿಷಿಯನ್ ಹುಡುಗ ಏಣಿ ಹತ್ತಿ ಹೋಲ್ಡರ್ ಬಿಚ್ಚಿದ. ಸ್ವಿಚ್ ಆರಿಸಿದ್ದರೂ ಟೆಸ್ಟರ್ ಬೆಳಗಿತು! ಹಿಂದೆ ವಯರಿಂಗ್ ಮಾಡಿದವರು ಸ್ವಿಚ್ಚನ್ನು ಫೇಸ್ ವಯರಿಗೆ ಕೊಡುವ ಬದಲು ನ್ಯೂಟ್ರಲ್‌ಗೆ ಕೊಟ್ಟಿದ್ದರು. ಲೈಟ್ ಆರುತ್ತಿತ್ತು, ಹೋಲ್ಡರಿನಲ್ಲಿ ಕರೆಂಟ್ ಹಾಗೆಯೇ ಇರುತ್ತಿತ್ತು. ಇಷ್ಟು ವರ್ಷ ಅದೇ ಹೋಲ್ಡರಿಗೆ ಬಲ್ಬ್ ಬದಲಿಸಿದ್ದು ಯಾರ‍್ಯಾರೋ. ಅಲ್ಲಾಹನು ಕಾಪಾಡಿದ.

"ಅಕ್ಕಾ, ಇಲ್ಲಿರುವುದು ಎರಡೇ ವಯರ್. ಅರ್ಥಿಂಗ್ ಇಲ್ಲ" ಎಂದ ಅವನು. ಮೂರು ಪಿನ್ನಿನ ಪ್ಲಗ್ ಕೂರಿಸಬಹುದು, ಆದರೆ ಮೂರನೆಯ ತೂತು ಬರೀ ಅಲಂಕಾರಕ್ಕೆ. ಇಸ್ತ್ರಿ ಪೆಟ್ಟಿಗೆಯ ಒಳಗೆ ವಯರ್ ಸುಲಿದು ಲೋಹಕ್ಕೆ ತಾಗಿದರೆ ಕರೆಂಟ್ ನೆಲಕ್ಕೆ ಹೋಗಲು ಹಿಡಿಯುವ ದಾರಿ ನಮ್ಮ ಮೈ. ಪ್ಲಗ್ಗಿನ ಆ ಪಿನ್ ಉಳಿದೆರಡಕ್ಕಿಂತ ಉದ್ದ ಇರುವುದು ಅದಕ್ಕೇ. ಕರೆಂಟ್ ಬರುವ ಮೊದಲೇ ಅರ್ಥಿಂಗ್ ಸೇರಬೇಕು.

ಹೊಲಿಗೆ ಯಂತ್ರದ ಮೋಟಾರು ಸುಮಾರು 100 ವಾಟ್, ಅದನ್ನು ಲೈಟಿನ ಲೈನ್ ತಡೆದೀತು. ಆದರೆ ಹೊಲಿದದ್ದನ್ನು ಅಲ್ಲೇ ಇಸ್ತ್ರಿ ಮಾಡದೆ ಇರುತ್ತೇವೆಯೇ? ಲೈಟ್, ಫ್ಯಾನ್‌ಗಳ ಒಂದು ಲೈನಿಗೆ ಒಟ್ಟು 800 ವಾಟ್ ಮೀರಬಾರದು ಎಂಬುದು ವಯರಿಂಗ್‌ನ ಲೆಕ್ಕ. ಇಸ್ತ್ರಿ ಪೆಟ್ಟಿಗೆಯೊಂದೇ 1000 ವಾಟ್. ಗೋಡೆಯೊಳಗಿನ ಸಪೂರ ವಯರ್ ಬಿಸಿಯಾಗುವುದು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ.

ಮೇನ್ ಬೋರ್ಡಿನಿಂದ ಬೇರೆ ಲೈನ್ ಎಳೆಯಬೇಕೆಂದಾಗ "ಹೊಲಿಗೆಗೆ ಇಷ್ಟೆಲ್ಲ ಖರ್ಚೇ?" ಎಂಬ ಪ್ರಶ್ನೆ ಬಂತು. ಹಾಲ್‌ನ ಎ.ಸಿ.ಗೆ ಲೈನ್ ಎಳೆದಾಗ ಯಾರೂ ಕೇಳಿರಲಿಲ್ಲ! ನಾನು ವಾದಕ್ಕಿಳಿಯಲಿಲ್ಲ. ಹೊಲಿದು ಗಳಿಸಿದ ಹಣವನ್ನೇ ತೆಗೆದಿಟ್ಟೆ. ಅತ್ತೆ ಮಾತ್ರ ಮಗನ ಕಡೆ ನೋಡಿ, "ಅರ್ಧ ನೀನು ಕೊಡು" ಎಂದರು. ಕೊಟ್ಟರು.

2.5 ಚದರ ಮಿಲಿಮೀಟರಿನ ಮೂರು ವಯರ್ ಪೈಪಿನಲ್ಲಿ ಬಂತು. ಮೇಜಿನ ಎತ್ತರಕ್ಕೆ, ಒಳಗೆ ಮುಚ್ಚಳವಿರುವ ಪ್ಲಗ್ ಕೂತಿತು. ಮೇನ್ ಬೋರ್ಡಿಗೆ 30 ಮಿಲಿ ಆಂಪಿಯರ್ ಸೋರಿದರೂ ಸಪ್ಲೈ ಕಡಿಯುವ ಆರ್‌ಸಿಸಿಬಿ ಹಾಕಿಸಿದೆವು. ಲೈಟಿನ ಸ್ವಿಚ್ಚೂ ಫೇಸಿಗೆ ಬಂತು. ಬಲ್ಬ್ ಅದರ ಜಾಗದಲ್ಲೇ ಉಳಿಯಿತು.

ಈಗ ಅತ್ತೆ ಅಡುಗೆಮನೆಯ ಗ್ರೈಂಡರ್ ಪ್ಲಗ್ಗನ್ನೂ ಪರೀಕ್ಷಿಸಲು ಹುಡುಗನನ್ನು ಕರೆಯಿಸೆನ್ನುತ್ತಿದ್ದಾರೆ.