ಶಿರಸಿಯ ಹಿತ್ತಿಲಲ್ಲಿ ಒಂದು ಸುತ್ತು

ಶಿರಸಿ ಎಂದೊಡನೆ ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆ, ಅಡಿಕೆ ತೋಟ, ಧೋ ಎಂದು ಸುರಿಯುವ ಮಳೆ ನೆನಪಾಗುತ್ತವೆ. ಹುಬ್ಬಳ್ಳಿಯಿಂದ ಸುಮಾರು 100 ಕಿ.ಮೀ. ದೂರದ ಈ ಊರಿಗೆ ಬರುವ ಪ್ರವಾಸಿಗರು ದೇವಿಗೆ ಕೈಮುಗಿದು ಸಹಸ್ರಲಿಂಗಕ್ಕೋ ಯಾಣಕ್ಕೋ ಹೊರಟುಬಿಡುತ್ತಾರೆ. ಆದರೆ ಸುತ್ತಲಿನ ಹಳ್ಳಿಮನೆಗಳ ಸಿರಿ ಕಾಣಬೇಕಾದರೆ ಹಿತ್ತಿಲ ಬಾಗಿಲಿಗೆ ಹೋಗಬೇಕು.

ಅಡುಗೆಮನೆಯಿಂದ ನಾಲ್ಕು ಹೆಜ್ಜೆ ಇಟ್ಟರೆ ಸಾಕು. ನೀರು ಜಿನುಗುವ ನೆರಳಿನಲ್ಲಿ ಒಂದೆಲಗ ಗೆಣ್ಣು ಗೆಣ್ಣಿಗೂ ಬೇರೂರಿ ಹಬ್ಬಿರುತ್ತದೆ. ಪಕ್ಕದಲ್ಲಿ ದಪ್ಪ ಎಲೆಯ ದೊಡ್ಡಪತ್ರೆ. ಎಲೆ ಹಿಸುಕಿದರೆ ಓಮದ ವಾಸನೆ. ಎರಡರ ಎಣ್ಣೆಯಲ್ಲೂ ಥೈಮಾಲ್ ಮತ್ತು ಕಾರ್ವಕ್ರಾಲ್ ಎಂಬ ರಾಸಾಯನಿಕಗಳಿರುವುದೇ ಇದಕ್ಕೆ ಕಾರಣ. ಬೇಲಿಯಂಚಿನಲ್ಲಿ ನಿಂಬೆಯ ಪರಿಮಳದ ಮಜ್ಜಿಗೆ ಹುಲ್ಲು, ಆಚೆ ಚಕ್ರಮುನಿ. ಮನೆಗೆ ಹಠಾತ್ತನೆ ನೆಂಟರು ಬಂದರೂ ಗೃಹಿಣಿ ಗಾಬರಿಯಾಗುವುದಿಲ್ಲ. ಒಂದು ಹಿಡಿ ಒಂದೆಲಗ ಕಿತ್ತು ಚೆನ್ನಾಗಿ ತೊಳೆದು, ಜೀರಿಗೆ, ನಾಲ್ಕು ಮೆಣಸಿನ ಕಾಳಿನೊಡನೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಸೇರಿಸಿ ರುಬ್ಬಿ, ಮಜ್ಜಿಗೆ, ಉಪ್ಪು ಬೆರೆಸಿದರೆ ತಂಬುಳಿ ಸಿದ್ಧ. ಕುದಿಸುವ ಕೆಲಸವೇ ಇಲ್ಲ.

ಈ ಗಿಡಗಳಲ್ಲಿ ಹೆಚ್ಚಿನವು ಹಣ ಕೊಟ್ಟು ತಂದವಲ್ಲ. ತವರಿನಿಂದ ಮರಳುವಾಗ ಒಂದು ಗಡ್ಡೆ, ಪಕ್ಕದ ಮನೆಯಿಂದ ಒಂದು ಟಿಸಿಲು, ಹೀಗೆ ಕೈಯಿಂದ ಕೈಗೆ ಬಂದವು. ಈ ಕೊಡುಕೊಳ್ಳುವಿಕೆಯನ್ನೇ ಆಧಾರವಾಗಿಟ್ಟುಕೊಂಡು 2001ರಲ್ಲಿ ಶಿರಸಿ ಭಾಗದಲ್ಲಿ ‘ವನಸ್ತ್ರೀ’ ಎಂಬ ಹೆಣ್ಣುಮಕ್ಕಳ ಬಳಗ ಹುಟ್ಟಿಕೊಂಡಿತು. ಬಳಗ ನಡೆಸಿಕೊಂಡು ಬಂದ ‘ಮಲೆನಾಡು ಮೇಳ’ದಲ್ಲಿ ಗೃಹಿಣಿಯರು ತಮ್ಮ ಹಿತ್ತಿಲಿನ ಬೀಜ, ಗಡ್ಡೆ, ಸಸಿಗಳನ್ನು ತಂದು ಹಂಚಿಕೊಂಡರು, ಮಾರಿದರು. ಇಲ್ಲಿ ಗಿಡದ ಜೊತೆಗೆ ಇನ್ನೊಂದು ವಸ್ತುವೂ ಕೈ ಬದಲಾಗುತ್ತದೆ: ಯಾವುದನ್ನು ಎಷ್ಟು, ಹೇಗೆ ಬಳಸಬೇಕು ಎಂಬ ತಿಳಿವಳಿಕೆ.

ಕಳೆದುಹೋಗುವ ಭಯವಿರುವುದು ಈ ತಿಳಿವಳಿಕೆಯೇ. ಮಕ್ಕಳು ಓದಿಗೆಂದು, ಕೆಲಸಕ್ಕೆಂದು ಹುಬ್ಬಳ್ಳಿ, ಬೆಂಗಳೂರು ಸೇರುತ್ತಾರೆ. ಗಿಡ ಹಿತ್ತಿಲಲ್ಲಿ ಚಿಗುರುತ್ತಲೇ ಇರುತ್ತದೆ. ಹೆಸರು ಬಲ್ಲವರು ಮಾತ್ರ ಒಬ್ಬೊಬ್ಬರಾಗಿ ಕಡಿಮೆಯಾಗುತ್ತಾರೆ. ಹೆಸರು ಮರೆತ ಗಿಡ ಬರಿಯ ಕಳೆ. ಕಿತ್ತೆಸೆಯಲು ಯಾರ ಅಪ್ಪಣೆಯೂ ಬೇಕಿಲ್ಲ.

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಹತ್ತಿರದ್ದನ್ನು ಕಡೆಗಣಿಸುವವರನ್ನು ಚುಚ್ಚಲು ಹುಟ್ಟಿದ್ದು. ಇಂದು ಅದನ್ನು ಎಚ್ಚರಿಕೆಯ ಮಾತಾಗಿಯೂ ಓದಿಕೊಳ್ಳಬೇಕು. ಮಲೆನಾಡಿನಲ್ಲಿ ಚಕ್ರಮುನಿ ಪಲ್ಯ, ತಂಬುಳಿಗೆ ಆಗೊಮ್ಮೆ ಈಗೊಮ್ಮೆ ಬಳಸುವ ಸೊಪ್ಪು. ಇದೇ ಸೊಪ್ಪಿನ ಹಸಿ ರಸವನ್ನು ಮೈ ತೆಳ್ಳಗಾಗಲೆಂದು ದೂರದ ತೈವಾನಿನಲ್ಲಿ 1994–95ರ ಸುಮಾರಿಗೆ ಅನೇಕರು ದಿನವೂ ಕುಡಿದರು. ಹಲವರ ಶ್ವಾಸಕೋಶ ಮತ್ತೆ ಸರಿಹೋಗದಂತೆ ಕೆಟ್ಟಿತು. ಕೆಲವರು ಸತ್ತೇ ಹೋದರು. ಗಿಡ ಒಂದೇ, ಬಳಕೆ ಬೇರೆ. ‘ಸೊಪ್ಪು ತಾನೇ, ಏನಾಗುತ್ತದೆ’ ಎನ್ನುವಂತಿಲ್ಲ.

ಹೆಸರಿನ ಗೊಂದಲವೂ ಇದೆ. ಪರೀಕ್ಷೆ ಹತ್ತಿರ ಬಂದೊಡನೆ ತಾಯಂದಿರಿಗೆ ‘ಬ್ರಾಹ್ಮಿ’ ನೆನಪಾಗುತ್ತದೆ. ಆದರೆ ನಮ್ಮಲ್ಲಿ ಎರಡು ಗಿಡಗಳನ್ನು ಆ ಹೆಸರಿನಿಂದ ಕರೆಯುತ್ತಾರೆ. ಉದ್ದ ತೊಟ್ಟಿನ ತುದಿಗೆ ಒಂದೊಂದೇ ದುಂಡನೆಯ ಎಲೆ ಇರುವುದು ಒಂದೆಲಗ. ಎದುರುಬದುರಾಗಿ ಪುಟ್ಟ, ದಪ್ಪ ಎಲೆಗಳಿರುವುದು ನೀರುಬ್ರಾಹ್ಮಿ. ಯಾವುದನ್ನು ತಿಂದರೂ ಓದದೇ ಬಿಟ್ಟ ಪಾಠ ನೆನಪಾಗದು ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು! ತಂಬುಳಿಯನ್ನು ಊಟವೆಂದು ಉಂಡರೆ ಚೆಂದ, ಕಾಯಿಲೆಗೆ ವೈದ್ಯರಿದ್ದಾರೆ.

ಹಿತ್ತಿಲೇ ಇಲ್ಲದ ಪೇಟೆಯವರು ಏನು ಮಾಡಬೇಕು? ತಳದಲ್ಲಿ ತೂತಿರುವ ನಾಲ್ಕು ಕುಂಡ ಸಾಕು. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಸಮಪಾಲು ಬೆರೆಸಿ. ದೊಡ್ಡಪತ್ರೆಯ ಗೇಣುದ್ದದ ತುಂಡು ಊರಿದರೆ ಬೇರು ಬಿಡುತ್ತದೆ. ನೀರು ಅತಿಯಾದರೆ ಕೊಳೆಯುತ್ತದೆ. ಒಂದೆಲಗಕ್ಕೆ ಮಾತ್ರ ತೇವ ಆರಬಾರದು. ಮಜ್ಜಿಗೆ ಹುಲ್ಲಿನ ಬುಡ ಸೀಳಿ ನೆಟ್ಟರಾಯಿತು, ಬಿಸಿಲು ಚೆನ್ನಾಗಿ ಬೀಳಬೇಕು.

ಬೀದಿಯ ಐದಾರು ಮನೆಯವರು ಸೇರಿ ಒಬ್ಬೊಬ್ಬರು ಒಂದೊಂದು ಗಿಡ ಬೆಳೆಸಿ ಹಂಚಿಕೊಂಡರೆ ಅದೇ ಒಂದು ಮೇಳ. ರಜೆಯಲ್ಲಿ ಅಜ್ಜಿಯ ಮನೆಗೆ ಹೋಗುವ ಮಕ್ಕಳು ಜೊತೆಗೊಂದು ನೋಟುಬುಕ್ ಒಯ್ಯಲಿ. ಗಿಡದ ಹೆಸರು, ಕೊಟ್ಟವರು ಯಾರು, ಅಡುಗೆಗೆ ಹೇಗೆ, ಎಷ್ಟು, ಯಾವುದು ಕೂಡದು ಎಂಬುದನ್ನೆಲ್ಲ ಬರೆದುಕೊಳ್ಳಲಿ. ಗುರುತಿನಲ್ಲಿ ಅನುಮಾನ ಬಂದರೆ ಎಲೆ ಹೂವಿನ ಸಮೇತ ಒಂದು ರೆಂಬೆಯನ್ನು ಶಾಲೆಯ ಜೀವಶಾಸ್ತ್ರದ ಮೇಷ್ಟರಿಗೆ ತೋರಿಸಲಿ. ಮುಂದಿನ ಸಲ ಶಿರಸಿಯ ಬಸ್ಸು ಹತ್ತುವಾಗ ಚೀಲದಲ್ಲಿ ಒಂದಿಷ್ಟು ಜಾಗ ಖಾಲಿ ಇರಲಿ. ಬರಿಗೈಯಲ್ಲಿ ಕಳಿಸುವ ಪದ್ಧತಿ ಅಲ್ಲಿಲ್ಲ.