ಒಂದೂವರೆಯ ಜಾಬ್

ರಾತ್ರಿ 1:08. ಸಿರಿಮನೆಯ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೀರಿ. ಹೆಂಚಿನ ಮೇಲೆ ಜುಲೈ ಮಳೆ ಹೊಯ್ಯುತ್ತಿದೆ, ಅದರಾಚೆ ಅಬ್ಬಿಯ ಮೊರೆತ. ಒದ್ದೆ ಅಡಿಕೆ ಹಾಳೆಯ ವಾಸನೆ. ಪಕ್ಕದ ಕಿಗ್ಗದ ಋಷ್ಯಶೃಂಗ ಮಳೆ ಕೊಡುವ ದೇವರು; ಮಳೆಯನ್ನು ನಂಬಬಹುದು. ಆದರೆ ಈ ಸೀಮೆಯಲ್ಲಿ ಮಳೆಗಾಲದ ಕರೆಂಟನ್ನು ಯಾರೂ ನಂಬುವುದಿಲ್ಲ.

ಪರದೆ ಹೇಳುತ್ತಿದೆ: ಮುಂದಿನ ಸಲ, ಜುಲೈ 13, 20:00. ಹೊಟ್ಟೆ ತಣ್ಣಗಾಗುತ್ತದೆ. ಸರ್ವರಿನದು ಯುಟಿಸಿ ಗಡಿಯಾರ, ನಮಗಿಂತ ಐದೂವರೆ ಗಂಟೆ ಹಿಂದೆ. ಅಂದರೆ ಇವತ್ತೇ, ಒಂದೂವರೆಗೆ.

ಇದು ಸರಕು ಕೊಟ್ಟವರಿಗೆ ಹಣ ಕಳಿಸುವ ಜಾಬ್. ಇವತ್ತಿನ ಹಣವನ್ನು ಸಂಜೆಯೇ ಕೈಯಾರೆ ಕಳಿಸಿಯಾಗಿದೆ. ಅದಕ್ಕೆಂದೇ ಈ ರಾತ್ರಿ ಜಾಬ್ ಓಡದಂತೆ ವಿನಾಯಿತಿ ಹಾಕಿದ್ದರು. ಜಾಬ್ ಓಡಿದರೆ ಎಲ್ಲರಿಗೂ ಎರಡೆರಡು ಸಲ ಹಣ.

ವಿನಾಯಿತಿ ಅಲ್ಲೇ ಇದೆ, 20:30ಕ್ಕೆ. ಆದರೆ ಆಮೇಲೆ ಹಗಲು ಪಾಳಿಯವರು ಜಾಬನ್ನು ಅರ್ಧ ಗಂಟೆ ಹಿಂದಕ್ಕೆ ತಂದಿದ್ದಾರೆ. 2009ರ ಐಕ್ಯಾಲೆಂಡರ್ ಮಾನದಂಡದ ಎಕ್ಸ್‌ಡೇಟ್ ಕೂಡ ಹೀಗೇ: ಬಿಡಬೇಕಾದ ವೇಳೆ ಜಾಬಿನ ವೇಳೆಗೆ ಸರಿಯಾಗಿ ಹೊಂದಬೇಕು. ಹೊಂದದಿದ್ದರೆ ವಿನಾಯಿತಿ ಸದ್ದಿಲ್ಲದೆ ಸತ್ತಂತೆ. ಅದರ ಬಗ್ಗೆ ಎಚ್ಚರಿಸದೆ ಹೊಸ ಸಮಯವನ್ನು ಒಪ್ಪಿಕೊಳ್ಳುವ ಪರದೆಯನ್ನು ನಾನಂತೂ ಕ್ಷಮಿಸಲಾರೆ.

ಇಡೀ ಶೆಡ್ಯೂಲನ್ನೇ ನಿಲ್ಲಿಸಬಹುದು. ಆದರೆ ಇದರ ಹಿಂದೆ ಕಾದಿರುವ ಲೆಕ್ಕದ ಜಾಬುಗಳೂ ನಿಲ್ಲುತ್ತವೆ. ನಾಳೆ ಮತ್ತೆ ಚಾಲೂ ಮಾಡಲು ಯಾರಾದರೂ ಮರೆತರೆ ಪಾವತಿಯೇ ಇಲ್ಲ. ಬೇಡ. ಹೊಸ ವಿನಾಯಿತಿಯೇ ಸರಿ. ಬೆರಳು ‘14’ ಒತ್ತುತ್ತದೆ, ಗೋಡೆಯ ಕ್ಯಾಲೆಂಡರಿನ ತಾರೀಕು. ತಡೆಯಿರಿ. ಸರ್ವರಿನಲ್ಲಿ ಇನ್ನೂ 13.

ಫಕ್ಕನೆ ಕತ್ತಲು.

ಇನ್ವರ್ಟರ್ ಕಿರುಗುಟ್ಟುತ್ತದೆ. ರೂಟರಿನ ದೀಪ ಆರಿ ಹೊತ್ತುತ್ತದೆ. ಕೆಂಪು. 1:21. ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ಅದು ಸಿಗುವುದು ತೋಟದ ಮೇಲಿನ ದರೆಯಲ್ಲಿ. ಇಂಬಳದ ನಡುವೆ ಓಡುವುದೋ, ಇಲ್ಲೇ ಕಾಯುವುದೋ? ಎದೆಯ ಬಡಿತ ಕಿವಿಯಲ್ಲಿ ಕೇಳುತ್ತಿದೆ. ಕೂರುತ್ತೀರಿ. 1:24. ಕೆಂಪು. 1:26. ಹಸಿರು!

13. 20:00:00. ಸೇವ್. ಚಕ್ರ ತಿರುಗುತ್ತದೆ, ತಿರುಗುತ್ತದೆ. ಮುಂದಿನ ಸಲ: ಜುಲೈ 14, 20:00.

ಆದರೂ ಏಳುವುದಿಲ್ಲ. 1:30. ಲಾಗ್ ಖಾಲಿ. 1:31. ಖಾಲಿ. ಅಂಗೈ ಬೆವರನ್ನು ಲುಂಗಿಗೆ ಒರೆಸಿಕೊಳ್ಳುತ್ತೀರಿ.

ವಿನಾಯಿತಿ ಪಟ್ಟಿಯನ್ನು ಕೆಳಕ್ಕೆ ಸರಿಸುತ್ತೀರಿ. ಮುಂದಿನ ರಜೆಗಳ ವಿನಾಯಿತಿಗಳೆಲ್ಲ ಹಳೆಯ 20:30ಕ್ಕೇ ಅಂಟಿಕೊಂಡಿವೆ. ಹಗಲು ಪಾಳಿಗೆ ಸಂದೇಶ ಬರೆಯುತ್ತೀರಿ: ‘ವಿನಾಯಿತಿಯನ್ನು ಗಳಿಗೆಗಲ್ಲ, ಇಲ್ಲಿಯ ತಾರೀಕಿಗೆ ಕಟ್ಟೋಣ. ಸಮಯ ಬದಲಿಸಿದಾಗ ಹೊಂದದ ವಿನಾಯಿತಿ ಉಳಿದರೆ ಸೇವ್ ಆಗಲೇಬಾರದು.’ ಅಲ್ಲಿಯವರೆಗೆ ಒಂದೊಂದನ್ನೂ ಕೈಯಲ್ಲೇ ತಿದ್ದಬೇಕು. ಮೊದಲು ಆಗಸ್ಟ್ 15ರದು: ಆಗಸ್ಟ್ 14, 20:00:00.